ಮೂರು ತಗಡು ಕೆಟ್ಟ ಮೇಲೆ

ಮೌಲಾ ಸಾಬರ ಬಗ್ಗೆ ಬರೆಯಬೇಕು ಅಂತ ಕೂತಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬಂದು ಪೆನ್ನು ಕೆಳಗಿಟ್ಟಿದ್ದೇನೆ. ಇವತ್ತು ಭಾನುವಾರ. ಹೊಳಲ್ಕೆರೆಯಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ, ಒಗೆಯುವ ಬಟ್ಟೆ ರಾಶಿ ಬಿದ್ದಿದೆ, ಬೀಳಲಿ. ಬರೆದು ಮುಗಿಸಿಬಿಡುತ್ತೇನೆ. ಮುಗಿಸಿದರೆ ಮನಸ್ಸು ಹಗುರಾಗುತ್ತದೆ ಅಂತೇನೂ ಇಲ್ಲ, ಆದರೆ ಇಷ್ಟು ದಿನ ಬರೆಯದೆ ಇದ್ದಾಗಲೂ ಅದು ಹಗುರಾಗಿರಲಿಲ್ಲ.

ನಾನು ಯಶೋಧಾ. ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಹತ್ತಿರ, ಮದುವೆಯಾಗಿ ಬಂದದ್ದು ಹೊಳಲ್ಕೆರೆಗೆ, ಅನ್ನ ಸಂಪಾದಿಸುವುದು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ. ಇಪ್ಪತ್ತೊಂದು ವರ್ಷದಿಂದ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನಲವತ್ತು ದಾಟಿದ ಮೇಲೆ ಪಿಎಚ್‌.ಡಿ.ಗೆ ಹೆಸರು ಹಚ್ಚಿದೆ. ಯಾರೂ ಹಚ್ಚು ಅಂದಿರಲಿಲ್ಲ, ನಾನೇ ಹೋಗಿ ತಲೆ ಕೊಟ್ಟದ್ದು. ಸಾಕಪ್ಪಾ ಸಾಕು ಅನಿಸಿದ್ದು ಎರಡನೇ ವರ್ಷಕ್ಕೇ. ಅಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿದ್ದರಿಂದ ಬಿಡುವ ಹಾಗೂ ಇರಲಿಲ್ಲ.

ನನ್ನ ವಿಷಯ ಇಷ್ಟೇ. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ತೋಟಗಳಿವೆಯಲ್ಲ, ಆ ಹಣ್ಣಿನ ಸಿಪ್ಪೆಯ ಮೇಲೆ ಉಳಿಯುವ ಔಷಧಿಯನ್ನು ಬೆಳಕಿನಿಂದ ಪತ್ತೆ ಮಾಡುವುದು. ಲೇಸರ್ ಬೆಳಕು ಬಿಟ್ಟರೆ ಪ್ರತಿಯೊಂದು ಅಣುವೂ ಅದರ ಬಣ್ಣವನ್ನು ತನ್ನದೇ ರೀತಿಯಲ್ಲಿ ಚೂರು ಬದಲಿಸಿ ವಾಪಸ್ ಕಳಿಸುತ್ತದೆ. ಯಂತ್ರ ಅದನ್ನು ಗೆರೆಗಳಾಗಿ ಬರೆದು ಕೊಡುತ್ತದೆ. ಯಾವ ಗೆರೆ ಎಲ್ಲಿ ಎದ್ದಿದೆ ಅಂತ ನೋಡಿದರೆ ಯಾವ ಔಷಧಿ ಅಂತ ಹೇಳಬಹುದು. ಆದರೆ ವಾಪಸ್ ಬರುವ ಆ ಬೆಳಕು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಪಿಸುಗುಟ್ಟಿದಷ್ಟು ಕ್ಷೀಣ. ಅದೇ ಅಣುವನ್ನು ಒರಟು ಬೆಳ್ಳಿಯ ಮೇಲೆ ಕೂರಿಸಿದರೆ ಅದು ಲಕ್ಷಪಟ್ಟು ಜೋರಾಗುತ್ತದೆ. ಒರಟು ಅಂದರೆ ಬೆರಳಿಗೆ ತಿಳಿಯುವ ಒರಟಲ್ಲ. ಒಂದು ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಎಷ್ಟೋ ಅಷ್ಟು ಸಣ್ಣ ಉಬ್ಬುತಗ್ಗು. ಆ ಉಬ್ಬುಗಳ ಸಂದಿಯಲ್ಲಿ ಬೆಳಕು ಒತ್ತೊತ್ತಾಗಿ ಸೇರಿಕೊಳ್ಳುತ್ತದೆ, ಅಲ್ಲಿ ಸಿಕ್ಕಿದ ಅಣುವಿನ ಗುಟ್ಟು ರಟ್ಟಾಗುತ್ತದೆ.

ಪುಸ್ತಕದಲ್ಲಿ ಇದು ಒಂದು ಪುಟ. ನನ್ನ ಲ್ಯಾಬಿನಲ್ಲಿ ಒಂದೂವರೆ ವರ್ಷ. ಯಂತ್ರವೂ ನಮ್ಮ ಕಾಲೇಜಿನದಲ್ಲ. ಬಸ್ಸಿನಲ್ಲಿ ಎರಡು ಗಂಟೆ ಹೋದರೆ ಒಂದು ವಿಶ್ವವಿದ್ಯಾಲಯದಲ್ಲಿದೆ, ಹದಿನೈದು ದಿನಕ್ಕೊಂದು ಗುರುವಾರ ನನಗೆ ಮುಕ್ಕಾಲು ಗಂಟೆ. ಬೆಳ್ಳಿ ತಗಡುಗಳನ್ನು ಬಟರ್ ಪೇಪರಿನಲ್ಲಿ ಸುತ್ತಿ ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ, ಕೆಳಗಿನ ಡಬ್ಬಿಯಲ್ಲಿ ಚಿತ್ರಾನ್ನ. ಒಂದು ಗುರುವಾರ ಗೆರೆ ಬಂದರೆ ಮುಂದಿನ ಮೂರು ಗುರುವಾರ ಬರುತ್ತಿರಲಿಲ್ಲ. ಚಿತ್ರಾನ್ನ ತಿಂದು ವಾಪಸ್ ಬರುತ್ತಿದ್ದೆ.

ನನ್ನ ಗೋಳು ನೋಡಿ ಒಂದು ದಿನ ಲ್ಯಾಬಿನ ಅಟೆಂಡರ್ ಗೊಲ್ಲಪ್ಪ ಹೇಳಿದ, ಕೋಟೆ ಕಡೆ ಹತ್ತುವ ಓಣಿಯಲ್ಲಿ ಬೆಳ್ಳಿ ಮುಲಾಮಿನ ಮೌಲಾ ಸಾಬ್ ಅಂತ ಇದ್ದಾರೆ, ತಾಮ್ರಕ್ಕೆ ಬೆಳ್ಳಿ ಹತ್ತಿಸುವುದರಲ್ಲಿ ಈ ಜಿಲ್ಲೆಯಲ್ಲಿ ಅವರನ್ನು ಬಿಟ್ಟರಿಲ್ಲ, ಒಂದು ಮಾತು ಕೇಳಿ ನೋಡಿ ಅಂತ. ಸಾಬರಿಗೂ ನನ್ನ ಸಂಶೋಧನೆಗೂ ಏನು ಸಂಬಂಧ ಅಂತ ಅವನನ್ನು ಗದರಿದೆ. ಮಾರನೇ ದಿನ ನಾನೇ ಹೋದೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕೋಟೆಯಲ್ಲಿ ಸೈನ್ಯ ಇದ್ದ ಕಾಲದಲ್ಲಿ ಕುದುರೆಯ ಸಾಮಾನಿಗೆ ಬೆಳ್ಳಿ ಹಚ್ಚುತ್ತಿದ್ದ ಮನೆತನವಂತೆ. ಈಗ ಕಲ್ಯಾಣ ಮಂಟಪದ ಆರತಿ ತಟ್ಟೆ, ದರ್ಗಾದ ದೀಪ, ಹೊರಕೆರೆದೇವಪುರದ ಕಡೆಯ ಭಕ್ತರು ತರುವ ದೇವರ ಕವಚ. ಅವೂ ಕಡಿಮೆ. ಮೌಲಾ ಸಾಬರಿಗೆ ಆಗ ಅರವತ್ತನಾಲ್ಕು. ಬಡಕಲು ಮೈ, ಬಲಗೈಯ ಬೆರಳ ತುದಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಬೆನ್ನು ನೋವು ಅಂತ ಸ್ಟೂಲಿಗೆ ಒಂದು ದಿಂಬು ಕಟ್ಟಿಕೊಂಡಿದ್ದರು. ನಾನು ತಾಮ್ರದ ತಗಡು ಮುಂದಿಟ್ಟು, ಬೆಳ್ಳಿ ಹಚ್ಚಬೇಕು, ಆದರೆ ಹೊಳೆಯಬಾರದು, ಒರಟಾಗಿರಬೇಕು ಅಂದೆ. ಅವರು ತಗಡು ಬಿಟ್ಟು ನನ್ನನ್ನೇ ನೋಡಿದರು.

“ಹೊಳಿಯಂಗೆ ಮಾಡ್ರಿ ಅಂತ ಬಂದೋರನ್ನ ನಲವತ್ತು ವರ್ಷದಿಂದ ನೋಡಿದೀನಿ ಮೇಡಂ,” ಅಂದರು. “ಹೊಳೀಬಾರ್ದು ಅಂತ ಬಂದೋರು ನೀವೇ ಮೊದ್ಲು. ಕುಂತ್ಕಳ್ರಿ.”

ಅವರ ಕೆಲಸದಲ್ಲಿ ಆ ಹಂತ ಮೊದಲಿಂದಲೂ ಇತ್ತು ಅಂತ ಆಮೇಲೆ ತಿಳಿಯಿತು. ಬೆಳ್ಳಿಯನ್ನು ಎರಡು ಪದರ ಹಚ್ಚುತ್ತಾರೆ. ಮೊದಲ ಪದರ ನುಣುಪಾಗಿದ್ದರೆ ಎರಡನೆಯದು ಕಚ್ಚುವುದಿಲ್ಲ. ಅದಕ್ಕೆ ಮಧ್ಯದಲ್ಲಿ ಸಾಮಾನನ್ನು ಬರೀ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಚಿಟಿಕೆ ಪಟಕದ, ಅಂದರೆ ಆಲಂ, ಪುಡಿ ಹಾಕಿ, ಬ್ಯಾಟರಿಯ ವೈರುಗಳನ್ನು ಅದಲು ಬದಲು ಮಾಡುತ್ತಾರೆ. ಒಮ್ಮೆ ಹೀಗೆ, ಒಮ್ಮೆ ಹಾಗೆ. ಬೆಳ್ಳಿ ಚೂರು ಕರಗುತ್ತದೆ, ಮತ್ತೆ ಬಂದು ಕೂರುತ್ತದೆ. ಮೈ ಮೊದಲು ಹಾಲಿನ ಬಣ್ಣ, ಆಮೇಲೆ ಹಾಲು ಜಾಸ್ತಿಯಾದ ಚಹಾದ ಬಣ್ಣ. ಎಷ್ಟು ಸಲ ಅದಲು ಬದಲು, ಎಷ್ಟು ಹೊತ್ತು ಅಂತ ನಾನು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಬಣ್ಣ ನೋಡಿ ಎತ್ತುತ್ತಿದ್ದರು, ಅಷ್ಟೇ. ಕೈಗೆ ಗೊತ್ತು ಅನ್ನುತ್ತಿದ್ದರು.

ಆ ಚಹಾ ಬಣ್ಣದ ತಗಡನ್ನು ಮೊದಲ ಸಲ ಯಂತ್ರಕ್ಕೆ ಇಟ್ಟಾಗ ಗೆರೆಗಳು ಪರದೆಯ ಆಚೆಗೆ ಹೋದವು. ಅಲ್ಲಿನ ಟೆಕ್ನಿಷಿಯನ್, ನೀವು ಔಷಧಿಯ ಬಾಟಲಿಯನ್ನೇ ಸುರಿದುಬಿಟ್ಟಿದ್ದೀರಾ ಅಂತ ಕೇಳಿದ. ನಾನು ಇಟ್ಟಿದ್ದು ಸಿಪ್ಪೆ ತೊಳೆದ ನೀರಿನ ಒಂದು ಹನಿ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಅಂತ ಕೇಳಿ ನನ್ನ ಬೆನ್ನು ಸವರಿದಳು.

ಹಾಗೆ ಎರಡು ವರ್ಷದಲ್ಲಿ ಇಪ್ಪತ್ತಾರು ತಗಡು ಮಾಡಿಕೊಟ್ಟರು. ಒಂದೂ ಕೆಡಲಿಲ್ಲ. ನಾನು ಹೋದಾಗಲೆಲ್ಲ ಅವರ ಹೆಂಡತಿ ರೆಹಾನಾ ಒಳಗಿಂದ ಚಹಾ ಕಳಿಸುವರು. ಸಾಬರು ಹೆಚ್ಚು ಮಾತಿನವರಲ್ಲ. ಒಂದೇ ಮಗಳು, ಹಿರಿಯೂರಿಗೆ ಕೊಟ್ಟಿದ್ದಾರೆ. ಅಣ್ಣನ ಮಗ ಅಜೀಮ್ ಪಕ್ಕದ ರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಬೆಳ್ಳಿ ಅವನಿಗೆ ಬೇಡ. ದಣಿವಾಗಲ್ವಾ ಸಾಬ್ರೇ, ಸಾಕು ಅನಿಸಲ್ವಾ ಅಂತ ಒಮ್ಮೆ ಕೇಳಿದ್ದೆ. ದಣಿವು ದಿನಾ ಆಗುತ್ತದೆ, ಆದರೆ ಇದನ್ನು ಬಿಟ್ಟರೆ ಬೆಳಿಗ್ಗೆ ಎದ್ದು ನಾನು ಯಾರು ಅಂದ್ಕೊಳ್ಳಲಿ ಅಂದಿದ್ದರು. ನನ್ನದೂ ಅದೇ ಕಥೆ ಅನಿಸಿತ್ತು.

ಅವತ್ತೇ ಅವರು ಮನೆಯ ಕಟ್ಟಳೆಯನ್ನೂ ಹೇಳಿದ್ದು. ಬೆಳ್ಳಿ ತಮ್ಮದಲ್ಲ, ದೇವರದು ಇಲ್ಲವೇ ಇನ್ನೊಬ್ಬರ ಮನೆಯದು. ಕೈ ಹೋದವನು, ಅಂದರೆ ಕೈಯ ಹದ ತಪ್ಪಿದವನು, ಅದನ್ನು ಮುಟ್ಟಿದರೆ ಇನ್ನೊಬ್ಬರ ಬೆಳ್ಳಿ ತಿಂದ ಹಾಗೆ. ಅದಕ್ಕೇ ಅವರ ತಾತ ಮಾಡಿಟ್ಟದ್ದು: ಒಂದಾದ ಮೇಲೊಂದು ಮೂರು ಸಾಮಾನು ಕೆಟ್ಟರೆ ಅಲ್ಲಿಗೆ ಮುಗಿಯಿತು, ಮತ್ತೆ ತೊಟ್ಟಿಗೆ ಕೈ ಇಡುವ ಹಾಗಿಲ್ಲ, ಮುಂದಿನವನಿಗೆ ಬಿಡಬೇಕು. ಮುಂದಿನವನು ಯಾರು ಅಂತ ಕೇಳಿದೆ. ಯಾರೂ ಇಲ್ಲ, ಅದಕ್ಕೇ ಕೆಡಿಸಂಗಿಲ್ಲ ಅಂತ ನಕ್ಕರು. ನಾನೂ ನಕ್ಕೆ. ಗೊತ್ತಿರಲಿಲ್ಲ ಅನ್ನುವ ನೆಪ ನನಗಿಲ್ಲ ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ನನ್ನ ಗೈಡ್ ಎಲ್ಲ ಓದಿ, ಚೆನ್ನಾಗಿದೆ, ಆದರೆ ಇನ್ನು ಮೂರು ತಗಡು ಹೊಸದಾಗಿ ಮಾಡಿಸಿ, ಮೂರೂ ಒಂದೇ ರೀತಿ ಬರಬೇಕು, ಆಗ ಬರೆದು ಮುಗಿಸಿ ಅಂದರು. ಡಿಸೆಂಬರಿಗೆ ನನ್ನ ಅವಧಿ ಮುಗಿಯುತ್ತಿತ್ತು, ಮತ್ತೆ ವಿಸ್ತರಣೆ ಇರಲಿಲ್ಲ. ನಾನು ಸಾಬರ ಮುಂದೆ ಕೂತು ದೊಡ್ಡದಾಗಿ ಹೇಳಿದೆ. ಇದು ಪುಸ್ತಕಕ್ಕೆ ಹೋಗುವಂಥದು ಸಾಬ್ರೇ, ದೊಡ್ಡ ದೊಡ್ಡವರು ನೋಡುತ್ತಾರೆ, ಇಷ್ಟು ದಿನ ಮಾಡಿದ್ದು ಒಂದು ಲೆಕ್ಕ, ಈ ಮೂರು ಒಂದು ಲೆಕ್ಕ. ಅವರು ಗಂಭೀರವಾಗಿ ತಲೆಯಾಡಿಸಿದರು. ಈ ಕೆಲಸ ಮುಗಿಯುವ ತನಕ ಬೇರೆ ಯಾವ ಕೆಲಸವನ್ನೂ ಹಿಡಿಯುವುದಿಲ್ಲ ಅಂದರು. ಹೇಳಿದ ಹಾಗೆಯೇ ದೀಪಾವಳಿಯ ಮುಂಚೆ ಬಂದ ಆರತಿ ತಟ್ಟೆಗಳನ್ನು ವಾಪಸ್ ಕಳಿಸಿದರಂತೆ.

ಮೊದಲನೇ ತಗಡು ಕೆಟ್ಟಿತು. ಯಂತ್ರದಲ್ಲಿ ಗೆರೆಯೇ ಏಳಲಿಲ್ಲ, ಕಾಗದದ ಮೇಲೆ ಬರೀ ಹುಳ ಹರಿದ ಹಾಗೆ. ಫೋನಿನಲ್ಲಿ ಹೇಳಿದೆ. ನೋಡ್ತೀನಿ ಅಂದರು.

ಹದಿನೈದು ದಿನ ಬಿಟ್ಟು ಎರಡನೆಯದು. ಅದೂ ಅಷ್ಟೇ. ಈ ಸಲ ಫೋನಿನಲ್ಲಿ ಅವರು, ಎರಡಾತು ಅಂದರು. ನಾನು ಆಗ ಬಿ.ಎಸ್‌ಸಿ. ಹುಡುಗರ ಇಂಟರ್ನಲ್ಸ್ ಪೇಪರು ತಿದ್ದುತ್ತಿದ್ದೆ, ಯಾವುದಕ್ಕೋ ಯಾವುದೋ ಅಂಕ ಹಾಕುತ್ತಿದ್ದೆ. ಮೂರನೆಯದನ್ನು ಹುಷಾರಾಗಿ ಮಾಡಿ ಸಾಬ್ರೇ, ನನಗೆ ಇನ್ನು ದಿನ ಇಲ್ಲ ಅಂದೆ. ಎರಡಾದ ಮೇಲೆ ಅವರಿಗೆ ಮೂರು ಅಂದರೆ ಏನು ಅಂತ ನನ್ನ ತಲೆಗೆ ಹೋಗಲೇ ಇಲ್ಲ.

ಮೂರನೆಯದನ್ನು ಮಾಡುವಾಗ ಅವರು ನನ್ನನ್ನು ಕರೆಸಿಕೊಂಡರು. ಎದುರಿಗೇ ಇರ್ರಿ ಅಂದರು. ಹೋದೆ. ಅವರು ತಲೆಗೆ ಟೋಪಿ ಹಾಕಿಕೊಂಡಿದ್ದರು, ಅಂಗಡಿ ಗುಡಿಸಿ ಇಟ್ಟಿದ್ದರು. ನನ್ನ ಪಕ್ಕದಲ್ಲಿ ಒಂದು ನೀರಿನ ಕ್ಯಾನು ಇತ್ತು, ಅದರ ಮೇಲೆ ನನ್ನ ಬ್ಯಾಗ್ ಇಟ್ಟುಕೊಂಡು ಪೇಪರು ತಿದ್ದುತ್ತಾ ಕೂತೆ. ಅವರು ವೈರು ಅದಲು ಬದಲು ಮಾಡಿದರು, ಬಣ್ಣ ನೋಡಿದರು, ಮತ್ತೆ ಇಳಿಬಿಟ್ಟರು. ಎಂದಿಗಿಂತ ಎರಡು ಪಟ್ಟು ಹೊತ್ತು ಹಿಡಿಯಿತು. ನಾನು ಏನಾದರೂ ಹೇಳುತ್ತೇನಾ ಅಂತ ನನ್ನ ಕಡೆ ಎರಡು ಮೂರು ಸಲ ನೋಡಿದರು ಅಂತ ಈಗ ನೆನಪಾಗುತ್ತದೆ. ನಾನು ತಲೆಯೆತ್ತಿದ್ದು ಟಿಫನ್ ಡಬ್ಬಿ ತೆಗೆಯುವಾಗ.

ಗುರುವಾರ ಮೂರನೆಯದೂ ಸತ್ತು ಮಲಗಿತು. ವಾಪಸ್ ಬರುವ ಬಸ್ಸು ದಾರಿಯಲ್ಲಿ ಕೆಟ್ಟು, ಮುಕ್ಕಾಲು ಗಂಟೆ ರಸ್ತೆಬದಿ ನಿಂತು, ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಚಿತ್ರದುರ್ಗಕ್ಕೆ ಬಂದೆ. ಕಾಲು ಬಾತಿತ್ತು, ಬೆಳಿಗ್ಗೆಯಿಂದ ಒಂದು ತುತ್ತು ತಿಂದಿರಲಿಲ್ಲ. ಮನೆಗೆ ಹೋಗಿದ್ದರೆ ಆಗುತ್ತಿತ್ತು. ಹೋಗದೆ ನೆಟ್ಟಗೆ ಸಾಬರ ಅಂಗಡಿಗೆ ಹತ್ತಿದೆ, ತಗಡನ್ನು ಅವರ ಮುಂದೆ ಇಟ್ಟೆ. ಇಟ್ಟೆ ಏನು, ಬಿಸಾಕಿದೆ.

“ಕೈ ನಡುಗ್ತಾವೇನೋ ಸಾಬ್ರೇ,” ಅಂದೆ. “ವಯಸ್ಸಾತು. ಮೊದ್ಲಿನಂಗೆ ಬರ್ತಿಲ್ಲ ನಿಮ್ಗೆ.”

ಅವರು ತಗಡನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಮೂರೂ ಕೆಟ್ಟವಾ ಅಂತ ಕೇಳಿದರು. ಮೂರೂ ಅಂದೆ. ಒರೆಸುವ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. ನಿಮಗೆ ಬಸ್ಸಿಗೆ ಹೊತ್ತಾಗುತ್ತೆ, ಹೋಗ್ರಿ ಮೇಡಂ ಅಂದರು. ದನಿಯಲ್ಲಿ ಕೋಪವೇನೂ ಇರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಮೂರು ಕೆಟ್ಟರೆ ಬಿಡಬೇಕು ಅನ್ನುವ ಆ ಕಟ್ಟಳೆ ನೆನಪಾಯಿತು. ಈ ಕಾಲದಲ್ಲಿ ಅಂಥದ್ದನ್ನೆಲ್ಲ ಯಾರು ಪಾಲಿಸುತ್ತಾರೆ, ನಾಳೆ ಸರಿಹೋಗುತ್ತಾರೆ ಅಂದುಕೊಂಡು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದೆ.

ಅವರು ಸರಿಹೋಗಲಿಲ್ಲ. ಗೊಲ್ಲಪ್ಪ ಬಂದು ಹೇಳಿದ, ಅಂಗಡಿಯ ವೈರೆಲ್ಲ ಬಿಚ್ಚಿದ್ದಾರೆ, ಬ್ಯಾಟರಿಯನ್ನು ಅಜೀಮನಿಗೆ ಕೊಟ್ಟಿದ್ದಾರೆ, ತೊಟ್ಟಿಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿದ್ದಾರೆ ಅಂತ. ಬೆಳಿಗ್ಗೆ ಹೋಗಿ ಅಜೀಮನ ಅಂಗಡಿಯ ಮುಂದೆ ಕೂರುತ್ತಿದ್ದರಂತೆ, ಸಂಜೆ ಎದ್ದು ಬರುತ್ತಿದ್ದರಂತೆ. ಯಾರಾದರೂ ಕೇಳಿದರೆ ಕೈ ಹೋಯಿತು ಅನ್ನುತ್ತಿದ್ದರಂತೆ. ನಾನು ಮೂರು ವಾರ ಅವರ ಮುಖ ನೋಡಲು ಹೋಗಲಿಲ್ಲ. ನಾಚಿಕೆಯೋ ಹೆದರಿಕೆಯೋ, ಎರಡೂ ಇರಬೇಕು. ಲ್ಯಾಬಿನಲ್ಲಿ ನಾನೇ ಡಿಸ್ಟಿಲ್ಡ್ ವಾಟರಿಗೆ ಪಟಕ ಹಾಕಿ ಅವರ ಹಾಗೆ ವೈರು ಬದಲಿಸಿ ನೋಡಿದೆ. ಏನೂ ಬರಲಿಲ್ಲ.

ಕೊನೆಗೆ ಉಳಿದ ತಾಮ್ರದ ತಗಡು ವಾಪಸ್ ಕೇಳುವ ನೆಪ ಮಾಡಿಕೊಂಡು ಹೋದೆ. ಸಾಬರು ಇರಲಿಲ್ಲ. ರೆಹಾನಾ ಹಿತ್ತಲಿನಲ್ಲಿ ಬೋರಿನ ನೀರು ಹಿಡಿದು ಪಾತ್ರೆ ತಿಕ್ಕುತ್ತಿದ್ದರು. ಚಿತ್ರದುರ್ಗದ ಬೋರಿನ ನೀರು ಹೇಳಬೇಕಾ, ಪಾತ್ರೆಯ ತಳದಲ್ಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಕುಡಿಯಲು ಎಲ್ಲರೂ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವುದು. ನಾನು ಕೂತು ಅದೂ ಇದೂ ಮಾತಾಡುತ್ತಾ, ಸಾಬರು ನನಗೋಸ್ಕರ ಬಹಳ ಕಷ್ಟಪಟ್ಟರು ಅಂದೆ. ರೆಹಾನಾ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಪಟ್ರಲ್ಲಮ್ಮ,” ಅಂದರು. “ಮೇಡಮ್ಮಾರ ಪುಸ್ತಕಕ್ಕೆ ಹೋಗೋದು, ಈ ಉಪ್ಪು ನೀರಾಗೆ ಮಾಡಾಕಾಗುತ್ತಾ ಅಂತ, ಮೂರು ಸಲಾನೂ ಸೈಕಲ್ ಮ್ಯಾಲೆ ಕ್ಯಾನ್ ತಂದ್ರು ಫಿಲ್ಟರ್ ನೀರು. ಬೆನ್ನು ಹಿಡ್ಕಂಡು ಮೂರು ದಿನ ಮಲಗಿದ್ರು.”

ಉಪ್ಪು ನೀರು ಅಂದ ಕೂಡಲೇ ನನಗೆ ಹೊಳೆಯಿತು. ಪ್ರತಿ ವರ್ಷ ಜುಲೈಯಲ್ಲಿ ಮೊದಲನೇ ವರ್ಷದ ಮಕ್ಕಳ ಮುಂದೆ ನಿಂತು ನಾನು ಮಾಡಿ ತೋರಿಸುವ ಪ್ರಯೋಗ ಅದು: ಉಪ್ಪು ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟರೆ ಹಾಲು ಒಡೆದ ಹಾಗೆ ಬಿಳಿ. ಉಪ್ಪಿನಲ್ಲಿರುವ ಕ್ಲೋರೈಡು ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ. ಬೆಳ್ಳಿಯ ಮೈಯಲ್ಲಿ ಆ ಸಣ್ಣ ಸಣ್ಣ ಉಬ್ಬು ಏಳುವುದೇ ಅದರಿಂದ. ಬರೀ ಪಟಕದ ನೀರಿನಲ್ಲಿ ಕರೆಂಟು ಹರಿಯುತ್ತದೆ, ಮೈ ಮಂಕಾಗುತ್ತದೆ, ಒಳಗೆ ಏನೂ ಆಗಿರುವುದಿಲ್ಲ. ಆ ಇಪ್ಪತ್ತಾರು ತಗಡನ್ನು ಮಾಡಿದ್ದು ಅವರ ಕೈ ಮತ್ತು ಅವರ ಹಿತ್ತಲಿನ ಉಪ್ಪು ನೀರು, ಎರಡೂ ಸೇರಿ. ನಾನು ಬಹಳ ಮುಖ್ಯ ಅಂದದ್ದಕ್ಕೆ ಆ ಮನುಷ್ಯ ನೀರನ್ನು ಶುದ್ಧ ಮಾಡಿದ್ದರು. ಏನು ಬದಲಾಯಿಸಿದ್ದೀರಿ ಅಂತ ಒಂದು ಮಾತು ಕೇಳಿದ್ದರೆ ಮೊದಲನೇ ದಿನವೇ ಮುಗಿಯುತ್ತಿತ್ತು. ಇಪ್ಪತ್ತೊಂದು ವರ್ಷ ಪಾಠ ಮಾಡಿದವಳು ನಾನು, ಕೇಳದೆ ಕೈಯ ಮೇಲೆ ಹಾಕಿದೆ.

ಒಂದು ಬಾಟಲಿ ಬೋರಿನ ನೀರು ತುಂಬಿಸಿಕೊಂಡು ಲ್ಯಾಬಿಗೆ ಓಡಿದೆ. ಸಿಲ್ವರ್ ನೈಟ್ರೇಟ್ ಬಿಟ್ಟ ತಕ್ಷಣ ಗಟ್ಟಿ ಮೊಸರು. ಫಿಲ್ಟರ್ ನೀರಿಗೆ ಬಿಟ್ಟರೆ ಅದು ಇದ್ದ ಹಾಗೇ ಇತ್ತು. ಹೊಸ ತಗಡೊಂದನ್ನು ಬೋರಿನ ನೀರಿನಲ್ಲಿ ನಾನೇ ಒರಟು ಮಾಡಿ ಗುರುವಾರ ತೆಗೆದುಕೊಂಡು ಹೋದೆ. ಗೆರೆಗಳು ಎದ್ದವು. ಸಾಬರ ತಗಡಿನ ಕಾಲು ಭಾಗ ಕೂಡ ಇಲ್ಲ, ಆದರೆ ಎದ್ದವು. ಬಸ್ಸಿಳಿದವಳೇ ಅವರ ಮನೆಗೆ ಹೋದೆ.

ಬಾಗಿಲಲ್ಲಿ ರೆಹಾನಾ ಸಿಕ್ಕಿದರು. ವಿಷಯ ಹೇಳಿದೆ. ಅವರು ಒಳಗೆ ಕರೆಯಲಿಲ್ಲ, ಬಾಗಿಲಿಗೆ ಅಡ್ಡ ನಿಂತರು. ಈಗ ಹೇಳಬೇಡಿ ಅಂದರು. ಒಂದು ತಿಂಗಳು ಊಟ ನಿದ್ದೆ ಬಿಟ್ಟಿದ್ದವರು ಈಗ ತಾನೇ ವಯಸ್ಸಾಯಿತು, ಕೈ ಹೋಯಿತು ಅಂತ ಒಪ್ಪಿಕೊಂಡು ಮಲಗುತ್ತಿದ್ದಾರೆ, ಸುಮ್ಮಸುಮ್ಮನೆ ಬಿಟ್ಟೆ ಅಂತ ಗೊತ್ತಾದರೆ ಮತ್ತೆ ಶುರು, ನಿಮಗೆ ತಗಡು ಬೇಕಾದರೆ ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ. ಅವರು ಹೇಳಿದ್ದು ನ್ಯಾಯವೇ ಆಗಿತ್ತು. ನನಗೆ ತಗಡು ಬೇಕಿತ್ತು ಅನ್ನುವುದೂ ಸುಳ್ಳಲ್ಲ. ಆದರೆ ಆ ಮನುಷ್ಯ ಊರೆಲ್ಲ ಕೈ ಹೋಯಿತು ಅಂತ ಹೇಳಿಕೊಂಡು ತಿರುಗುವುದು, ನಾನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇರುವುದು, ನನ್ನಿಂದಾಗುವ ಕೆಲಸವಾಗಿರಲಿಲ್ಲ. ಹಾಗೆ ವಾದ ಮಾಡುತ್ತಿರುವಾಗಲೇ ಮೌಲಾ ಸಾಬರು ಬಂದರು.

ಕ್ಷಮಾಪಣೆ ಕೇಳಿ ಎಲ್ಲ ಹೇಳಿದೆ. ಬೈಯುತ್ತಾರೆ, ಬೈಯಲಿ ಅಂತ ಕಾದೆ. ಅವರು ಒಂದೆರಡು ಪ್ರಶ್ನೆ ಕೇಳಿದರು, ಅಷ್ಟೇ. ಸಿಹಿ ನೀರಿನಲ್ಲಿ ಬೆಳ್ಳಿ ಒರಟಾಗುವುದೇ ಇಲ್ಲವಾ, ಯಾವ ಕಾಲಕ್ಕೂ ಆಗುವುದಿಲ್ಲವಾ? ಆಗುವುದಿಲ್ಲ ಅಂದೆ. ಹಾಗಾದರೆ ಎರಡನೇ ಪದರ ಕಚ್ಚುವುದಿಲ್ಲವಾ? ಕಚ್ಚುವುದಿಲ್ಲ, ಎದ್ದು ಬರುತ್ತದೆ ಅಂದೆ. ಮಾರನೇ ದಿನ ಅಜೀಮನ ಹತ್ತಿರ ಹೋಗಿ ಬ್ಯಾಟರಿ ತಂದು, ತೊಟ್ಟಿಯ ಮೇಲಿನ ಕಲ್ಲು ಇಳಿಸಿದರಂತೆ. ಹಿತ್ತಲ ನೀರಿನಲ್ಲಿ ಒಂದೇ ದಿನ ಮೂರೂ ತಗಡು ಮಾಡಿಕೊಟ್ಟರು. ತೊಟ್ಟಿಯ ಹತ್ತಿರ ಅವರ ಕೈ ಒಮ್ಮೆಯೂ ನಡುಗಲಿಲ್ಲ, ಈ ಸಲ ನಾನು ನೋಡುತ್ತಾ ಕೂತಿದ್ದೆ.

ಆ ಗುರುವಾರ ಮೂರೂ ತಗಡಿನ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆಯ ಹಾಗೆ ಕೂತವು. ಕಾಗದ ಹಿಡಿದುಕೊಂಡು, ಬೇಕರಿಯಿಂದ ಅರ್ಧ ಕೇಜಿ ಮೈಸೂರ್‌ಪಾಕ್ ತೆಗೆದುಕೊಂಡು ಹೋದೆ. ಸಾಬರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಮೂರೂ ಬಂದವು ಸಾಬ್ರೇ, ನಿಮ್ಮ ಕೈಗೆ ಏನೂ ಆಗಿಲ್ಲ ಅಂದೆ. ಎಷ್ಟೋ ತಿಂಗಳ ಮೇಲೆ ನನಗೆ ಖುಷಿಯಾಗಿತ್ತು. ಅವರು ಕಾಗದ ನೋಡಿ ಮಡಚಿ ನನಗೇ ವಾಪಸ್ ಕೊಟ್ಟರು. ಅವರ ಕಣ್ಣು ಕೆಂಪಗಿದ್ದವು. ನಿದ್ದೆ ಮಾಡಿ ಬಹಳ ದಿನ ಆದವರ ಹಾಗೆ ಕಂಡರು.

ಆಮೇಲೆ ಅವರು ಹೇಳಿದ್ದು ಅವರ ಅಪ್ಪನ ವಿಷಯ. ಇಮಾಮ್ ಸಾಬ್ ಅಂತ. ಎಂಬತ್ತೊಂದನೇ ಇಸವಿಯಲ್ಲಿ ಆ ಓಣಿಗೆ ಮೊದಲ ಸಲ ನಲ್ಲಿ ಬಂತಂತೆ. ಸಿಹಿ ನೀರು. ಹಿತ್ತಲ ಬಾವಿಯ ಉಪ್ಪು ನೀರು ಸಾಕಾಗಿದ್ದ ಇಮಾಮ್ ಸಾಬರು ಬೆಳಗಿನ ಜಾವ ಎದ್ದು ಕ್ಯೂನಲ್ಲಿ ನಿಂತು ನಲ್ಲಿ ನೀರು ಹಿಡಿದು ತಂದು ಅಂಗಡಿಯ ತೊಟ್ಟಿಗೆ ತುಂಬಿದರು. ದೇವರ ಸಾಮಾನಿಗೆ ಒಳ್ಳೆಯ ನೀರು ಬಂತು ಅಂತ ಅವರಿಗೆ ಹಿಗ್ಗು. ಅದೇ ತಿಂಗಳು ಒಂದು ದೀಪ, ಒಂದು ತಟ್ಟೆ, ಒಂದು ದೇವರ ಮುಖ, ಮೂರಕ್ಕೂ ಹಚ್ಚಿದ ಬೆಳ್ಳಿ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದು ಬಂತು.

“ಅಪ್ಪಂಗೆ ಕೈ ಹೋತು, ಬಿಡ್ರಿ ಅಂತ ಹೇಳಿದ್ದು ನಾನೇ,” ಅಂದರು. “ನಂಗೆ ಇಪ್ಪತ್ಮೂರು ವರ್ಷ. ಆವಾಗ್ಲಿಂದ ನಾನು ಕುಂತೆ. ಕ್ಯೂನಾಗೆ ನಿಲ್ಲಾಕೆ ಬ್ಯಾಸರ ನಂಗೆ, ಬಾವಿ ನೀರೇ ಹಾಕ್ದೆ. ಎಲ್ಲಾ ಚೆನ್ನಾಗಿ ಬಂತು. ಮಗನ ಕೈ ನೋಡ್ರಿ ಅಂತ ಓಣಿ ತುಂಬಾ ಮಾತು. ಅವ್ರೂ ಅದನ್ನೇ ಹೇಳ್ಕಂಡು ತಿರುಗಿದ್ರು.”

ಹನ್ನೊಂದು ವರ್ಷ ಬದುಕಿದ್ದರಂತೆ ಇಮಾಮ್ ಸಾಬರು ಆಮೇಲೆ. ಒಂದು ದಿನವೂ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಚಹಾ ಕೊಟ್ಟರೆ, ಎಲ್ಲಿ ಬೀಳಿಸಿಬಿಡುತ್ತೇನೋ ಅಂತ ಎರಡೂ ಕೈಯಲ್ಲಿ ಲೋಟ ಹಿಡಿಯುತ್ತಿದ್ದರು.

ನಾನು ಮೈಸೂರ್‌ಪಾಕಿನ ಪೊಟ್ಟಣವನ್ನು ಬಿಚ್ಚಿರಲಿಲ್ಲ. ಬಾಗಿಲಲ್ಲಿ ರೆಹಾನಾ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಮೌಲಾ ಸಾಬರು ನನ್ನ ಕಡೆ ನೋಡಲಿಲ್ಲ, ತಮ್ಮ ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡರು.

“ನಂದು ಹೋಗಿಲ್ಲ ಅಂತ ನೀವು ಬಂದು ಹೇಳಿದ್ರಿ ಮೇಡಂ,” ಅಂದರು. “ಅವ್ರಿಗೆ ನಾನು ಎಲ್ಲಿ ಹೋಗಿ ಹೇಳ್ಲಿ?”